ಮೈಲವ್ವನನ್ನು ಮೂವರನ್ನಾಗಿ ಮಾಡಿದ ಕಂಪ್ಯೂಟರ್ ಸಾಹೇಬರಿಗೆ

ಬ್ಯಾಡಗಿ, ಫೆಬ್ರುವರಿ ೧೯೯೪

ರಾಣೆಬೆನ್ನೂರಿನ ಸಮೀಕ್ಷಾ ಕಚೇರಿಯಲ್ಲಿ ಮೇಜು ಏರಿ ಕುಳಿತಿರುವ ಮಾನ್ಯ ಕಂಪ್ಯೂಟರ್ ಸಾಹೇಬರೇ,

ಮೆಣಸಿನಕಾಯಿ ತೊಟ್ಟು ತೆಗೆಯುವ ಹೆಂಗಸರ ಸಂಘದಿಂದ ತಮಗೆ ಕೆಮ್ಮುಸಹಿತ ನಮಸ್ಕಾರಗಳು.

ಸಂಘದ ಕಾರ್ಯದರ್ಶಿಯಾದ ನಾನು ಹೋದ ತಿಂಗಳು ಶೆಡ್ಡಿನಿಂದ ಶೆಡ್ಡಿಗೆ ಅಲೆದು, ತಮ್ಮ ಕಚೇರಿಯವರು ಕೊಟ್ಟ ಫಾರಂಗಳಲ್ಲಿ ನಾನೂರ ಹನ್ನೆರಡು ಹೆಂಗಸರ ಮಾಹಿತಿ ಬರೆದುಕೊಂಡು ಬಂದೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಮ್ಮಿದ್ದರೆ ಶೆಡ್ಡುಗಳಿಗೆ ಘಾಟು ಹೊರಗೆ ಎಳೆಯುವ ಫ್ಯಾನು, ವಾರಕ್ಕೊಮ್ಮೆ ಡಾಕ್ಟರು ಎಂದು ಅವರೇ ಮಾತು ಕೊಟ್ಟಿದ್ದರು. ಮುನ್ನೂರ ಒಂಬತ್ತು ಮಂದಿಗೆ ಕೆಮ್ಮಿತ್ತು. ನೂರಕ್ಕೆ ಎಪ್ಪತ್ತೈದು.

ಫಾರಮ್ಮಿನಲ್ಲಿ ಒಬ್ಬೊಬ್ಬ ಹೆಂಗಸಿಗೆ ಒಂದೊಂದೇ ಸಾಲು. ಆ ಸಾಲಿನಲ್ಲೇ ಅವಳ ವರ್ಷದ ಮೂರು ದುಡಿಮೆ ಪಕ್ಕಪಕ್ಕದಲ್ಲಿ: ಸುಗ್ಗಿಯಲ್ಲಿ ಮೆಣಸಿನಕಾಯಿ, ಮಳೆಗಾಲದಲ್ಲಿ ಬೀಜದ ಕಂಪನಿಗಾಗಿ ಹತ್ತಿ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್, ಉಳಿದಾಗ ಕಳೆ. ಕೆಮ್ಮಿನ ಪ್ರಶ್ನೆಯನ್ನು ಮಾತ್ರ ಮೆಣಸಿನಕಾಯಿಯ ಕಾಲಮ್ಮಿನ ಪಕ್ಕದಲ್ಲಿ ಒಂದೇ ಸಲ ಕೇಳಿದ್ದರು. ಆದರೆ ತಮ್ಮ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಗೆ ಅಷ್ಟು ಅಗಲದ ಸಾಲು ಗಂಟಲಲ್ಲಿ ಇಳಿಯದಂತೆ. ದುಡಿಮೆಗೊಂದು ಸಾಲು ಬೇಕಂತೆ. ತಮ್ಮ ಆಪರೇಟರ್ ಹಾಲೇಶಪ್ಪ ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ಸಾಲನ್ನೂ ಮೂರು ತುಂಡು ಮಾಡಿ ಒಂದರ ಕೆಳಗೊಂದು ಪೇರಿಸಿದ. ತಾವು ತುಂಡಿಗೊಬ್ಬಳನ್ನು ಎಣಿಸಿದಿರಿ. ಕಳೆಯ ಸಾಲು, ಕ್ರಾಸಿಂಗ್ ಸಾಲುಗಳಲ್ಲಿ ಕೆಮ್ಮಿನ ಜಾಗ ಖಾಲಿ ಇದ್ದುದನ್ನು ಕಂಡು, ಅಲ್ಲಿ ಕೆಮ್ಮಿಲ್ಲವೆಂದು ಅಪ್ಪಣೆ ಕೊಡಿಸಿದಿರಿ. ಹೆಂಗಸರು ಸಾವಿರದ ಇನ್ನೂರ ಮೂವತ್ತಾರಾದರು, ಕೆಮ್ಮು ನೂರಕ್ಕೆ ಇಪ್ಪತ್ತೈದಕ್ಕೆ ಇಳಿಯಿತು, ಫ್ಯಾನೂ ಡಾಕ್ಟರೂ ರದ್ದಾದರು.

ಧನ್ಯರು ತಾವು. ಬ್ಯಾಡಗಿಯ ಸೂಲಗಿತ್ತಿಯರೆಲ್ಲ ಸೇರಿದರೂ ಆಗದ ಕೆಲಸವನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿ, ಎಂಟುನೂರ ಇಪ್ಪತ್ನಾಲ್ಕು ಬೆಳೆದ ಹೆಂಗಸರನ್ನು ಹೆತ್ತಿರಿ. ಒಬ್ಬಳಿಗೂ ನೆಗಡಿ ಕೂಡ ಇಲ್ಲ. ಇವರಿಗೆಲ್ಲ ರೇಷನ್ ಕಾರ್ಡು, ಓಟಿನ ಚೀಟಿ ಕೊಡಿಸುವ ಹೊಣೆಯನ್ನೂ ತಾವೇ ಹೊರಬೇಕಾಗಿ ವಿನಂತಿ.

ಸುದ್ದಿ ಕೇಳಿದಾಗ ನಮ್ಮ ಸಂಘದ ಮೈಲವ್ವ ಮೆಣಸಿನಕಾಯಿ ಚೀಲದ ಮೇಲೆ ಕೂತು, ಮಾತಿಗಿಂತ ಹೆಚ್ಚು ಕೆಮ್ಮಿ ಕಡೆಗೆ ಇಷ್ಟು ಹೇಳಿದಳು: "ಮೂರು ಮಂದಿ ಅದೇನಿ ಅಂದ್ರ ಚಲೋ ಆತು ಬಿಡವಾ. ಉಳಿದ ಇಬ್ಬರನ್ನ ನಾಳೆ ಕೆಲಸಕ್ಕ ಕಳಸಂತ ಹೇಳು, ನಾ ಮನ್ಯಾಗ ಮಕ್ಕೋತೇನಿ."

ನಾನು ಹಾಲೇಶಪ್ಪನ ಎದುರು ಫಾರಂ ಹರವಿ ಜಗಳ ತೆಗೆದೆ. ಅವನು ಪಾಪ, ಮರ್ಯಾದೆಯಿಂದಲೇ ಹೇಳಿದ: "ಅಕ್ಕಾರ, ಖಾಲಿ ಬಿಟ್ರ ಇಲ್ಲ ಅಂತನ ಅರ್ಥ. ಯಂತ್ರ ಸುಳ್ಳು ಹೇಳಂಗಿಲ್ರಿ."

ಈ ವಿದ್ಯೆ ತಮ್ಮ ಸ್ವಂತದ್ದಲ್ಲ ಎಂಬುದು ನಮಗೆ ಗೊತ್ತು. ಕೂಲಿಯವಳು ಬಾಯಿ ಬಿಡದಿದ್ದರೆ ಅವಳಿಗೆ ನೋವೇ ಇಲ್ಲವೆಂದು ಓದುವುದನ್ನು ಈ ನಾಡಿನ ಸಾಹೇಬರು ಕರೆಂಟಿಲ್ಲದೆಯೇ ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ತಾವು ಬರೀ ವೇಗ ಹೆಚ್ಚಿಸಿದ್ದೀರಿ.

ಆದ್ದರಿಂದ ಮೈಲವ್ವನ ಮೂರು ತುಂಡುಗಳನ್ನು ಕೂಡಿಸಿ, ಒಬ್ಬಳನ್ನು ಒಬ್ಬಳೆಂದೇ ಎಣಿಸಿ, ಅವಳ ಕೆಮ್ಮನ್ನು ಅವಳಿಗೆ ಮರಳಿಸಬೇಕೆಂದು ಕೇಳಿಕೊಳ್ಳುತ್ತೇವೆ. ದಯೆ ಬೇಡ, ಕೂಡುವ ಲೆಕ್ಕ ಸಾಕು.

ತಮ್ಮ ವಿಶ್ವಾಸಿ, ಇನ್ನೂ ಒಬ್ಬಳೇ ಇರುವ
ದುರಗವ್ವ

ಮರೆತ ಮಾತು: ತಮಗೆ ಧೂಳು ಆಗಿಬರುವುದಿಲ್ಲ, ಚಪ್ಪಲಿ ಹೊರಗೆ ಬಿಡಬೇಕು ಎಂದು ತಮ್ಮ ಕೋಣೆಯ ಬಾಗಿಲಿಗೆ ಬರೆದು ಹಚ್ಚಿದ್ದಾರೆ. ಬರುವ ಸೋಮವಾರ ನಾವು ನಾನೂರ ಹನ್ನೆರಡು ಮಂದಿಯೂ ಚಪ್ಪಲಿ ಹೊರಗೇ ಬಿಟ್ಟು ಬರುತ್ತೇವೆ. ಮೆಣಸಿನಕಾಯಿ ಚೀಲಗಳನ್ನಷ್ಟೇ ಒಳಗೆ ತರುತ್ತೇವೆ.