ಸೌನಾ ಹೊಕ್ಕ ಕ್ರಿಸ್‌ಮಸ್ ಮರ

ಮದುವೆಯಾದ ವರ್ಷ ಡಿಸೆಂಬರಿನಲ್ಲಿ ನಾನೊಂದು ಭೀಷಣ ಪ್ರತಿಜ್ಞೆ ಮಾಡಿದೆ. ಕ್ರಿಸ್‌ಮಸ್ ಮರವನ್ನು ಅಂಗಡಿಯಿಂದ ತರುವ ಮಾತೇ ಇಲ್ಲ. ಸರ್ಕಾರಿ ಕಾಡಿಗೆ ನಾನೇ ನುಗ್ಗಿ, ಕೈಯಾರೆ ಕಡಿದು ತರುತ್ತೇನೆ.

"ನೀನಾ?" ಎಂದಳು ನನ್ನ ಹೆಂಡತಿ ಸೈಮಿ.

"ಯಾಕೆ, ನನಗೆ ಕೈಯಿಲ್ವಾ?"

"ಇದೆ. ಟೈರು ಬಿಚ್ಚೋ ಕೈ. ನಿಮ್ಮನೇಲಿ ಮರ ಅಟ್ಟದ ಮೇಲಿನ ಡಬ್ಬದಿಂದ ಇಳೀತಿತ್ತಲ್ವಾ? ಯಾವ ಕೊಂಬೆ ಎಲ್ಲಿಗೆ ಅಂತ ನಂಬರ್ ಬರೆದಿರ್ತಿತ್ತಂತೆ."

ನಿಜ. ಉತ್ತರ ಮಿನ್ನೆಸೋಟದ ನಮ್ಮ ಗಣಿ ಊರಿನ ಟೈರು ಅಂಗಡಿಯಲ್ಲಿ ದುಡಿಯುವ ನನಗೆ ಗೊತ್ತಿದ್ದುದು ಪ್ಲಾಸ್ಟಿಕ್ ಕಾಡು ಮಾತ್ರ. ಸೈಮಿಯ ಮನೆತನವೇ ಬೇರೆ. ಫಿನ್ಲೆಂಡಿನಿಂದ ಬಂದವರ ಸಂತತಿ. ಅವಳಪ್ಪ ಆರ್ವೋ ವರ್ಷವೂ ಅರಣ್ಯ ಕಚೇರಿಯಿಂದ ಪರವಾನಗಿ ಚೀಟಿ ತಂದು, ಗರಗಸ ಹೊತ್ತು ಕಾಡಿಗೆ ಹೋಗಿ ಬಾಲ್ಸಮ್ ಎಂಬ ಘಮಘಮಿಸುವ ಸೂಜಿ ಎಲೆಯ ಮರ ಕಡಿದು ತರುತ್ತಿದ್ದರು. ಆ ವಸಂತದಲ್ಲಿ ಅವರು ತೀರಿಕೊಂಡರು. ಇನ್ನು ನನಗೆ ಕ್ರಿಸ್‌ಮಸ್ಸೇ ಬೇಡ ಎಂದರು ಅತ್ತೆ ಲೆಂಪಿ. ಮಗಳು ಫೋನಿನಲ್ಲಿ ಅಂಗಲಾಚಿದ ಮೇಲೆ ಸ್ವಲ್ಪ ಕರಗಿದರು.

"ಬರ್ತೀನಿ, ಊಟ ಮಾಡ್ತೀನಿ. ರಾತ್ರಿ ಉಳಿಯೋದು ಮಾತ್ರ ಅಲ್ಲಿ ಬಂದು ನೋಡಿ ಹೇಳ್ತೀನಿ. ಮನಸ್ಸಿಗೆ ಹಿಡಿಸ್ಲಿಲ್ಲ ಅಂದ್ರೆ ವಾಪಸ್ ಬಿಟ್ಟು ಬರ್ಬೇಕು."

ಆ ಒಂದು ರಾತ್ರಿ ಅಮ್ಮ ಖಾಲಿ ಮನೆಯಲ್ಲಿ ಒಬ್ಬಳೇ ಕೂರಬಾರದು ಎಂಬುದಷ್ಟೇ ಸೈಮಿಯ ಆಸೆ. ಅದರ ಭಾರವೆಲ್ಲ ನನ್ನ ಮರದ ಮೇಲೆ ಬಿತ್ತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕಾಡಿಗೆ ದಂಡೆತ್ತಿ ಹೋದೆ. ಹಿಮದಲ್ಲಿ ಅಂಗಾತ ಮಲಗಿ ಗರಗಸ ಎಳೆದೆ. ಪ್ರತಿ ಎಳೆತಕ್ಕೂ ಕೊಂಬೆ ಒಂದೊಂದು ಬುಟ್ಟಿ ಹಿಮವನ್ನು ನನ್ನ ಕಾಲರಿನೊಳಗೆ ಸುರಿಯಿತು. ಅಂಟು ಸೋರಿ ಕೈಗವಸು ಗರಗಸಕ್ಕೆ ಹತ್ತಿಕೊಂಡಿತು. ಬಿಡಿಸಲು ಹೋದಾಗ ಗಡ್ಡ ಕೈಗವಸಿಗೆ ಹತ್ತಿಕೊಂಡಿತು. ಆದರೂ ಗೆದ್ದೆ. ಮರಕ್ಕೆ ಚೀಟಿ ಕಟ್ಟಿ, ದಿಗ್ವಿಜಯದಿಂದ ಮರಳುವ ರಾಜನಂತೆ ಊರ ನಡುವೆಯೇ ಗಾಡಿ ಓಡಿಸಿಕೊಂಡು ಬಂದೆ.

ಮನೆಗೆ ಬಂದು ನೋಡಿದರೆ ಮರ ಮರಗಟ್ಟಿತ್ತು. ಕೊಂಬೆಗಳೆಲ್ಲ ಮಡಚಿದ ಕೊಡೆಯಂತೆ ಮೇಲಕ್ಕೆ ಸೆಟೆದಿದ್ದವು. ಆರ್ವೋ ಆಗಿದ್ದರೆ ನೆಲಮಾಳಿಗೆಯಲ್ಲಿ ಒಂದು ರಾತ್ರಿ ನಿಲ್ಲಿಸಿ ನಿಧಾನಕ್ಕೆ ಸಡಿಲಿಸುತ್ತಿದ್ದರಂತೆ. ನನ್ನ ಬಳಿ ನೆಲಮಾಳಿಗೆಯೂ ಇರಲಿಲ್ಲ, ರಾತ್ರಿಯೂ ಇರಲಿಲ್ಲ. ಇದ್ದದ್ದು ಸೌನಾ.

ಫಿನ್ ಜನರ ಮನೆಯಲ್ಲಿ ದೀಪವಿಲ್ಲದಿದ್ದರೂ ನಡೆದೀತು, ಹಿತ್ತಲಲ್ಲಿ ಈ ಹಬೆಮನೆ ಇಲ್ಲದಿದ್ದರೆ ಆಗದು. ಸೈಮಿ ಒಪ್ಪಿದ್ದು ನನ್ನನ್ನೋ ಈ ಬಾಡಿಗೆ ಮನೆಯ ಸೌನಾವನ್ನೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಇರುವುದು ಎರಡು ಕೋಣೆ. ಒಲೆಯ ಹೊಟ್ಟೆ ಒಳಗಿನ ಹಬೆಕೋಣೆಯಲ್ಲಿ. ಸೌದೆ ತುರುಕುವ ಬಾಯಿ ಮಾತ್ರ ಬಟ್ಟೆ ಬಿಚ್ಚಿಡುವ ಹೊರಕೋಣೆಯಲ್ಲಿ. ಮರವನ್ನು ಒಳಗೆ ನಿಲ್ಲಿಸಿ, ಒಲೆಗೆ ಎರಡೇ ಎರಡು ಸೌದೆ ಇಟ್ಟೆ. ಹದವಾದ ಕಾವಿಗೆ ಕೊಂಬೆ ಇಳಿದಿರುತ್ತವೆ, ಅತ್ತೆಯೆದುರು ನಾಟಕೀಯವಾಗಿ ಹೊರತರುತ್ತೇನೆ! ಯಾರಿಗೂ ಹೇಳದೆ ಅತ್ತೆಯನ್ನು ಕರೆತರಲು ಹೊರಟೆ.

"ಮರ ಸಿಕ್ತಾ?" ಗಾಡಿ ಹತ್ತುತ್ತಲೇ ಅತ್ತೆ ಕೇಳಿದರು.

"ನೀವೇ ನೋಡ್ತೀರಲ್ಲ ಅತ್ತೆ."

"ಬಾಲ್ಸಮ್ಮೇ ತಾನೆ? ಯಾವ್ದೋ ಸ್ಪ್ರೂಸ್ ತಂದು, ಬಿಸಿ ತಾಗಿದ್ಮೇಲೆ ಮನೆಯೆಲ್ಲ ಬೆಕ್ಕು ಉಚ್ಚೆ ಹೊಯ್ದಂಗೆ ನಾರೋದಲ್ಲ ತಾನೆ?"

"ಅನುಮಾನ ಇದ್ರೆ ನನ್ನ ಗಡ್ಡ ಮೂಸಿ."

"ಬೇಡಪ್ಪ. ಅದರಲ್ಲಿ ಇನ್ನೂ ಏನೇನಿದ್ಯೋ."

ಆಮೇಲೆ ದಾರಿಯುದ್ದಕ್ಕೂ ಅವರು ಕಿಟಕಿಯಾಚೆ ಕಾಡು ಸರಿಯುತ್ತಿದ್ದುದನ್ನೇ ನೋಡುತ್ತಿದ್ದರು.

ಮನೆ ತಿರುವಿನಲ್ಲಿ ಗಕ್ಕನೆ ಬ್ರೇಕ್ ಒತ್ತಿದೆ. ನಮ್ಮ ಸೌನಾದ ಹೊಗೆಗೂಡು ಉಗಿಬಂಡಿಯ ಹಾಗೆ ಹೊಗೆ ಉಗುಳುತ್ತಿತ್ತು. ಬಾಗಿಲಲ್ಲಿ ಸೈಮಿ ಅರಳಿ ನಿಂತಿದ್ದಳು.

"ಅಮ್ಮ ಬರೋ ಹೊತ್ತಿಗೆ ಸೌನಾ ಕಾದಿರ್ಲಿ ಅಂತ ನಿನಗೇ ಹೊಳೀತಲ್ಲ ರೂಡಿ, ಎಷ್ಟು ಖುಷಿಯಾಯ್ತು ಗೊತ್ತಾ? ಆದ್ರೆ ಎರಡೇ ಸೌದೆ ಇಟ್ಟಿದ್ಯಲ್ಲೋ ಪೆದ್ದ. ನಾನು ಗಂಟಲಮಟ್ಟ ತುಂಬಿದೀನಿ."

"ಒಳಗೆ ನೋಡಿದ್ಯಾ?"

"ಒಲೆ ಬಾಯಿ ಹೊರಗಿದ್ರೆ ಒಳಗ್ಯಾಕೆ ನೋಡ್ಲಿ?"

ಓಡಿದೆ. ಹಬೆಕೋಣೆಯ ಬಾಗಿಲು ತೆರೆದೆ. ನಡುವೆ ಒಂದು ಅಸ್ಥಿಪಂಜರ ನಿಂತಿತ್ತು. ಪ್ರೇಕ್ಷಕರಿಗಾಗಿಯೇ ಕಾದಿದ್ದಂತೆ, ಉಳಿದಿದ್ದ ನಾಲ್ಕು ಸೂಜಿ ಎಲೆಗಳೂ ನನ್ನ ಕಣ್ಣೆದುರೇ ಉದುರಿದವು. ನೆಲದ ಮೇಲೆ ಮೊಣಕಾಲೆತ್ತರ ಎಲೆಯ ರಾಶಿ. ಬರಿಗೊಂಬೆಯಲ್ಲಿ ಪರವಾನಗಿ ಚೀಟಿ ಮಾತ್ರ ತೂಗುತ್ತಿತ್ತು. ಕೊಲೆ ಕಾನೂನುಬದ್ಧವಾಗಿಯೇ ನಡೆದಿತ್ತು.

ಹಿಂದೆಯೇ ಬಂದ ಸೈಮಿ ಇಣುಕಿದಳು. "ಇದು... ನಮ್ಮ ಮರಾನಾ?"

"ಆಗಿತ್ತು."

ಬೈದಿದ್ದರೆ ಸಹಿಸಬಹುದಿತ್ತು. "ಅಮ್ಮ ಇವತ್ತು ಉಳಿಯಲ್ಲ ಬಿಡು," ಎಂದಳು ಮೆಲ್ಲಗೆ.

ಅಷ್ಟರಲ್ಲಿ ಅತ್ತೆ ನಮ್ಮಿಬ್ಬರ ನಡುವೆ ತಲೆ ತೂರಿಸಿದರು. ಬಹಳ ಹೊತ್ತು ನೋಡಿದರು. ಮೂಗರಳಿಸಿ ಉಸಿರೆಳೆದುಕೊಂಡರು.

"ಟವೆಲ್ ಕೊಡೇ ಸೈಮಿ. ನೀನು ಹೊರಗೆ ನಡಿಯಪ್ಪ."

ನಾವಿಬ್ಬರೂ ಹಿಮದಲ್ಲಿ ನಿಂತೆವು. ಒಳಗೆ ಒಲೆಯ ಮೇಲೆ ಪೇರಿಸಿದ ಕಾದ ಕಲ್ಲುಗಳಿಗೆ ನೀರು ಬಿದ್ದ ಚುಂಯ್ ಸದ್ದು. ಬಾಗಿಲ ಸಂದಿಯಿಂದ ಹಬೆಯೊಡನೆ ಇಡೀ ಕಾಡೇ ಹೊರಬಂದಂಥ ಘಮ. ಸೈಮಿ ನನ್ನ ತೋಳು ಹಿಡಿದುಕೊಂಡಳು. ಮತ್ತೆ ಚುಂಯ್. ಆಮೇಲೆ ಒಳಗೆ ಯಾರೋ ಯಾರ ಜೊತೆಗೋ ತಗ್ಗಿದ ದನಿಯಲ್ಲಿ ಮಾತಾಡಿದಂತೆ ಕೇಳಿಸಿತು. ನಾವು ಕಿವಿಗೊಡಲು ಹೋಗಲಿಲ್ಲ.

ಅತ್ತೆ ಬಟ್ಟೆ ತೊಟ್ಟು ಹೊರಬಂದಾಗ ಮುಖ ಬೀಟ್‌ರೂಟಿನ ಬಣ್ಣವಾಗಿತ್ತು. ಕೊರಳಿಗೆ, ಕೂದಲಿಗೆ ಎಲೆ ಮೆತ್ತಿಕೊಂಡಿದ್ದವು. ಕಣ್ಣೂ ಕೆಂಪಾಗಿದ್ದವು, ಹಬೆಗೆ ಇರಬೇಕು.

"ಆರ್ವೋ ಮರ ತಂದು ನಿಲ್ಲಿಸಿ ಮೀಸೆ ತಿರುವೋನು," ಎಂದರು. "ಈಸ್ಟರ್‌ವರೆಗೂ ಎಲೆ ಗುಡಿಸೋಳು ನಾನು. ಸೋಫಾ ಕೆಳಗೆ, ಬೆಣ್ಣೆ ಒಳಗೆ, ಅವನ ಕಾಲುಚೀಲದೊಳಗೆ. ಹೋದ ವರ್ಷದ್ದು ಈಗ್ಲೂ ಒಂದೊಂದು ಸಿಗುತ್ತೆ. ಬಿಸಾಕೋಕೆ ಕೈ ಬರಲ್ಲ."

ಕೊರಳಿಗೆ ಅಂಟಿದ್ದ ಒಂದು ಎಲೆ ಕಿತ್ತು ಜೇಬಿಗಿಟ್ಟುಕೊಂಡರು.

"ಸೈಮಿ, ರಾತ್ರಿ ನನಗೆ ಹಾಸಿಗೆ ಎಲ್ಲಿ ಹಾಸ್ತೀಯ?"

ಸೈಮಿ ಹೋಗಿ ಅಮ್ಮನನ್ನು ತಬ್ಬಿಕೊಂಡಳು. ನನ್ನ ಕುಗ್ಗಿದ ಎದೆ ಮತ್ತೆ ಉಬ್ಬತೊಡಗಿತು. ಸುಮ್ಮನಿರಬೇಕಿತ್ತು.

"ಅಂದ್ರೆ ಅತ್ತೆ, ಮರ ನಿಮ್ಮ ಮನಸ್ಸಿಗೆ ಹಿಡಿಸ್ತು?"

"ಹಿಡಿಸ್ತು. ಪೂರ್ತಿ ಎಲೆ ಒಂದೇ ದಿನಕ್ಕೆ, ಅದೂ ಮನೆಯಿಂದಾಚೆ ಉದುರಿಸಿದ ಗಂಡಸು ನೀನೊಬ್ಬನೇ." ಅತ್ತೆ ಬಾಗಿಲ ಹಿಂದಿನಿಂದ ಪೊರಕೆ ಎಳೆದು ನನ್ನ ಕೈಗಿತ್ತರು. "ಇನ್ನು ಗುಡಿಸು. ಇದೊಂದನ್ನ ಆರ್ವೋಗೆ ಕಲಿಸೋಕೆ ನನ್ನಿಂದ ಆಗ್ಲೇ ಇಲ್ಲ."