ಅಮ್ಮನ ಬಲಗೋಡೆಯ ಗೌಳಿಯವರಿಗೆ

ತಲೆಕೆಳಗಾಗಿ ನಿಂತೂ ಸ್ಥಾನಗೌರವ ಕಳೆದುಕೊಳ್ಳದವರೂ, ಮೆಟ್ಟುಪಾಳ್ಯಂ ಸಮೀಪದ ನಮ್ಮ ನೇಕಾರರ ಬೀದಿಯ ಚೌಡೇಶ್ವರಿ ಅಮ್ಮನ ಗುಡಿಯಲ್ಲಿ ವಕ್ತಾರರ ಹುದ್ದೆಯಲ್ಲಿರುವವರೂ ಆದ ಗೌಳಿಯವರ ಸನ್ನಿಧಾನಕ್ಕೆ, ಅದೇ ಬೀದಿಯ ನಾಲ್ಕನೇ ಮನೆಯ ಮಗ್ಗದ ವೆಂಕಟಾಚಲಂ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಮೂತಿಯಿಂದ ಬಾಲದವರೆಗೆ ಕ್ಷೇಮವೆಂದು ನಂಬಿದ್ದೇನೆ. ಬಾಲ ಇತ್ತೀಚೆಗೆ ಹೊಸದಾಗಿ ಬಂದಿದ್ದರೆ ಅದಕ್ಕೆ ಬೇರೆಯಾಗಿ ಅಭಿನಂದನೆಗಳು.

ಇದು ಬಹಿರಂಗ ಪತ್ರ. ಇದನ್ನು ಗುಡಿಯ ಹೊರಗೋಡೆಗೆ ಅಂಟಿಸುವವನಿದ್ದೇನೆ. ನಮ್ಮವರ ಮನೆಮಾತು ಕನ್ನಡವಾದರೂ, ತಮಿಳುನಾಡಿನಲ್ಲೇ ಹುಟ್ಟಿ ಬೆಳೆದ ನಮ್ಮಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇಲ್ಲದಿರುವುದರಿಂದ, ಇಷ್ಟು ಬಹಿರಂಗವಾಗಿದ್ದೂ ಇಷ್ಟು ಗುಟ್ಟಾಗಿರುವ ಪತ್ರ ಇನ್ನೊಂದು ಇರಲಾರದು. ನನಗೂ ಅಕ್ಷರ ಬಾರದು. ನಾನು ಹೇಳುತ್ತಿದ್ದೇನೆ, ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ, ಕೊಯಮತ್ತೂರಿನ ಆರ್.ಎಸ್. ಪುರಂನ ಆಫೀಸಿಗೆ ಹೋಗಿಬರುವ ದಾವಣಗೆರೆಯ ಹುಡುಗಿ ಸೃಷ್ಟಿ ಅದನ್ನು ಅಚ್ಚಿನ ಕನ್ನಡಕ್ಕೆ ಇಳಿಸುತ್ತಿದ್ದಾಳೆ. 'ವಕ್ತಾರ' ಎಂಬ ಮಾತು ಅವಳದು, ಸಿಟ್ಟು ಮಾತ್ರ ನನ್ನದು.

ತಮಗೆ ತಿಳಿದದ್ದೇ ಆದರೂ ದಾಖಲೆಗೆ ಇರಲಿ ಎಂದು ಹೇಳುತ್ತೇನೆ. ನಮ್ಮವರು ಯಾವ ದೊಡ್ಡ ಕೆಲಸಕ್ಕೂ ಮುಂಚೆ ಮಂಗಳವಾರ ಅಮ್ಮನ ಮುಂದೆ ಕೂತು ಗೌಳಿ ಕೇಳುತ್ತಾರೆ, ಅಂದರೆ ಹಲ್ಲಿಯ ಶಕುನಕ್ಕೆ ಕಾಯುತ್ತಾರೆ. ತಾವು ಬಲಗಡೆಯಿಂದ ಲೊಚಗುಟ್ಟಿದರೆ ಅಮ್ಮನ ಅಪ್ಪಣೆ (ನಮ್ಮ ಬೀದಿಯ ಮಾತಲ್ಲಿ 'ಉತ್ತರವು'), ಎಡಗಡೆಯಿಂದಾದರೆ ಬೇಡವೆಂದು ಅರ್ಥ, ಸುಮ್ಮನಿದ್ದರೆ ಮುಂದಿನ ಮಂಗಳವಾರ ಮತ್ತೆ ಬರಬೇಕು. ಲೋಕವನ್ನೆಲ್ಲ ಸೃಷ್ಟಿಸಿದ ತಾಯಿ ತನ್ನ ಮನಸ್ಸಿನ ಮಾತನ್ನು ನಮಗೆ ಮುಟ್ಟಿಸಲು ಸಿಡಿಲನ್ನು ಬಿಟ್ಟು, ಆನೆಯನ್ನು ಬಿಟ್ಟು, ನಮ್ಮ ಶಾಸಕರನ್ನೂ ಬಿಟ್ಟು, ಟ್ಯೂಬ್‌ಲೈಟಿನ ಹಿಂದೆ ವಾಸಿಸುವ ತಮ್ಮನ್ನು ಆರಿಸಿಕೊಂಡಿದ್ದು ತಮ್ಮ ಯೋಗ್ಯತೆಗೆ ಸಂದ ಗೌರವವೆಂದೇ ನಾವು ಮೂರು ತಲೆಮಾರಿನಿಂದ ನಂಬಿಕೊಂಡು ಬಂದಿದ್ದೇವೆ.

ನನ್ನ ಹೆಂಡತಿ ಪಂಕಜಂಗೆ ಎದೆಯ ಒಳಗಿನ ಕವಾಟವೊಂದು ಸರಿಯಾಗಿ ಮುಚ್ಚುತ್ತಿಲ್ಲ. ತಿಂಗಳೊಳಗೆ ಎದೆ ತೆರೆದು ಸರಿಮಾಡದಿದ್ದರೆ ಕಷ್ಟವೆಂದು ಕೊಯಮತ್ತೂರಿನ ಡಾಕ್ಟರು ಹೇಳಿದರು. "ಅಮ್ಮ ಉತ್ತರವು ಕೊಡ್ದೆ ನಾ ಎದೆಗೆ ಕತ್ತಿ ತಾಕಿಸಲ್ಲ, ಅಷ್ಟೇದಾ" ಎಂದು ಇವಳು ಹೇಳಿದಳು. ನಮ್ಮ ಕುಲದ ಗಂಡಸರು ಅಮ್ಮನನ್ನು ಕರೆಯಲು ಯಾರ ಅಪ್ಪಣೆಯನ್ನೂ ಕೇಳದೆ ಹಬ್ಬದಲ್ಲಿ ಎದೆಗೆ ಅಲಗು ಹೊಡೆದುಕೊಳ್ಳುವವರು, ಡಾಕ್ಟರ ಕತ್ತಿಗೆ ಮಾತ್ರ ಅಪ್ಪಣೆ ಬೇಕೆಂಬುದು ಯಾವ ನ್ಯಾಯ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ದೊಡ್ಡ ಮನುಷ್ಯನಂತೆ "ಅಮ್ಮ ಹೇಳಿದಂತೆ ಆಗಲಿ" ಎಂದುಬಿಟ್ಟೆ.

ಮೊದಲ ಮಂಗಳವಾರ ತಾವು ದರ್ಶನವನ್ನೇ ಕೊಡಲಿಲ್ಲ. ಎರಡನೆಯ ಮಂಗಳವಾರ ಪೂಜಾರಿ ತಿರುಮೂರ್ತಿಯವರಿಗೆ ಊಟದ ಹೊತ್ತಾಗಿತ್ತೆಂದು, ಟೋಕನ್ ಏಳರ ಗೋವಿಂದಸಾಮಿಯನ್ನೂ ಟೋಕನ್ ಎಂಟರ ನಮ್ಮನ್ನೂ ಒಟ್ಟಿಗೆ ಕೂರಿಸಿದರು. ಗೋವಿಂದಸಾಮಿ ಕೇಳಲು ಬಂದಿದ್ದು ಕಿಣತ್ತುಕಡವಿನಲ್ಲಿ ಬೇಕರಿ ತೆರೆಯಲೋ ಬೇಡವೋ ಎಂದು. ತಾವು ಬಲಗಡೆಯಿಂದ, ಸ್ಪಷ್ಟವಾಗಿ, ಒಂದೇ ಒಂದು ಸಲ ಲೊಚಗುಟ್ಟಿದಿರಿ. ಆ ಒಂದು ಲೊಚ್ ಯಾರದೆಂದು ಗುಡಿಯಲ್ಲಿ ಮುಕ್ಕಾಲು ಗಂಟೆ ವಾದವಾಗಿ, ಕಮಿಟಿಯವರು ಟೋಕನ್ ಸಂಖ್ಯೆ ನೋಡಿ, ಅಮ್ಮನ ಕೃಪೆ ಏಳನೆಯವರಿಗೆ ಸೇರತಕ್ಕದ್ದೆಂದು ತೀರ್ಪು ಕೊಟ್ಟರು. ಗೋವಿಂದಸಾಮಿ ವಾರದೊಳಗೆ ಬೇಕರಿ ತೆರೆದು, ಕೃತಜ್ಞತೆಯಿಂದ ಅದರ ಬೋರ್ಡಿನ ಮೇಲೆ ತಮ್ಮ ಚಿತ್ರವನ್ನೇ ದೊಡ್ಡದಾಗಿ ಬರೆಸಿದ್ದಾನೆ. ತಿನಿಸಿನ ಅಂಗಡಿಯ ಮೇಲೆ ಹಲ್ಲಿಯ ಚಿತ್ರವಿದ್ದೂ ಹನ್ನೊಂದು ಗಂಟೆಯೊಳಗೆ ಪಫ್ಸ್ ಖಾಲಿಯಾಗುತ್ತದೆಂದರೆ ದೇವರಿಲ್ಲವೆಂದು ವಾದಿಸುವವರು ಒಮ್ಮೆ ಹೋಗಿ ನೋಡಬೇಕು.

ಮೂರನೆಯ ಮಂಗಳವಾರ ಮತ್ತೆ ಮೌನ. ಈ ನಡುವೆ ತಿರುಮೂರ್ತಿಯವರು ನನಗೆ ವಾರಕ್ಕೊಂದು ಸಮಾಧಾನ ಹೇಳಿದರು. ಮೊದಲನೆಯ ವಾರ ಮೌನವೂ ಅಪ್ಪಣೆಯೇ ಎಂದರು, ಎರಡನೆಯ ವಾರ ಇದು ಅಮ್ಮನ ಪರೀಕ್ಷೆ ಎಂದರು, ಮೂರನೆಯ ವಾರ ಪಂಕಜಂಳ ಹಿಂದಿನ ಜನ್ಮದ ಕಡೆಗೆ ಕೈತೋರಿಸಿದರು. ಈ ಜನ್ಮದಲ್ಲಿ ಪೊರಕೆ ಹಿಡಿದಾಗಲೂ ತಮ್ಮ ಬಳಗದವರನ್ನು ಹೊಡೆಯದೆ, ದಾರಿ ಬಿಟ್ಟುಕೊಟ್ಟು ಗುಡಿಸುವ ಹೆಂಗಸು ಹಿಂದಿನ ಜನ್ಮದಲ್ಲಿ ಅಂಥದ್ದೇನು ಮಾಡಿರಬಹುದು? ನಾನು ಮಗ್ಗದ ಮುಂದೆ ಕೂತು ಯೋಚಿಸಿದೆ. ಅಮ್ಮನಿಗೆ ಇವಳ ಸಂಕಟ ಗೊತ್ತಿಲ್ಲವೆಂದರೆ ಅವಳು ಅಮ್ಮನಲ್ಲ. ಗೊತ್ತಿದ್ದೂ ಸುಮ್ಮನಿದ್ದಾಳೆಂದರೆ ನಾನು ದೀಪ ಹಚ್ಚುವುದು ಹೇಗೆ? ಕೈಲಾಗದೆ ಸುಮ್ಮನಿದ್ದಾಳೆಂದರೆ ಬೇಕರಿಗೆ ಎಲ್ಲಿಂದ ಬಂತು ಆ ಶಕ್ತಿ? ಎರಡು ಸೀರೆಯ ಅಂಚು ಹಾಳು ಮಾಡಿಕೊಂಡ ಮೇಲೆ ನನಗೆ ಉತ್ತರ ಹೊಳೆಯಿತು. ಅಮ್ಮ ಹೇಳಿದ್ದಾಳೆ, ಪ್ರತಿ ಸಲವೂ ಹೇಳಿದ್ದಾಳೆ. ಆದರೆ ಆ ಹೊತ್ತಿಗೆ ತಮ್ಮ ಬಾಯಲ್ಲಿ ಹುಳವಿತ್ತು.

ಮಾನ್ಯರೇ, ಲೋಕದಲ್ಲಿ ಕೇಡು ಯಾಕಿದೆ ಎಂಬ ಪ್ರಶ್ನೆಗೆ ಪಂಡಿತರು ಬರೆದ ಪುಸ್ತಕಗಳನ್ನು ನಾನು ಓದಿಲ್ಲ, ಆದರೆ ಇದಕ್ಕಿಂತ ಒಳ್ಳೆಯ ಕಾರಣ ಅವುಗಳಲ್ಲೂ ಇರಲಿಕ್ಕಿಲ್ಲ. ದೇವರು ಒಳ್ಳೆಯವಳು, ಶಕ್ತಿಯೂ ಇದೆ, ವಕ್ತಾರರು ಊಟ ಮಾಡುತ್ತಿದ್ದರು. ಹೀಗೆ ಅಮ್ಮನನ್ನು ಉಳಿಸಿಕೊಳ್ಳಬೇಕಾದರೆ ಯಾರಾದರೊಬ್ಬರು ತಪ್ಪಿತಸ್ಥರಾಗಲೇಬೇಕು, ಅದಕ್ಕೆ ತಮ್ಮಷ್ಟು ಅನುಕೂಲವಾದವರು ನನಗೆ ಬೇರೆ ಸಿಗಲಿಲ್ಲ.

ಈಗ ತಪ್ಪೊಪ್ಪಿಗೆ. ನಾಲ್ಕನೆಯ ಮಂಗಳವಾರ, ಅಂದರೆ ಮೊನ್ನೆ, ಪ್ರದಕ್ಷಿಣೆ ಹಾಕುವ ನೆಪದಲ್ಲಿ ನಾನು ಅಮ್ಮನ ಬಲಗಡೆಯ ಕಂಬದ ಹಿಂದೆ ನಿಂತು ನಾಲಗೆಯಿಂದ ಮೂರು ಸಲ ಲೊಚಗುಟ್ಟಿದೆ, ಹಿಂದೆಯೇ ಬಂದ ಕೆಮ್ಮನ್ನು ಟವೆಲಿನಲ್ಲಿ ಅದುಮಿದೆ. ತಿರುಮೂರ್ತಿಯವರು ಕೈಯೆತ್ತಿ "ಉತ್ತರವು ಆಯ್ತಮ್ಮಾ!" ಎಂದು ಕೂಗಿದರು. ಪಂಕಜಂ ನೆಲಕ್ಕೆ ಕೈಯೂರಿ ಎದ್ದಳು. ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದ್ದೇವೆ, ತಂಗಿ ಮುತ್ತಮ್ಮಾಳ್ ಜೊತೆಗಿದ್ದಾಳೆ. ನಾಳೆ ಬೆಳಿಗ್ಗೆ ಆಪರೇಶನ್. ನಾನು ಬಟ್ಟೆ ತರಲು ಮನೆಗೆ ಬಂದವನು, ಬಟ್ಟೆ ಹುಡುಕುವುದನ್ನು ಬಿಟ್ಟು ತಮಗೆ ಪತ್ರ ಬರೆಸುತ್ತಿದ್ದೇನೆ. ಯಾಕೆಂದರೆ ನನಗೆ ಹೆದರಿಕೆಯಾಗುತ್ತಿದೆ.

ಎಲ್ಲ ಸರಿಹೋದರೆ ಅದು ಅಮ್ಮನ ಕೃಪೆ, ಊರೇ ಹೇಳುತ್ತದೆ. ಹೆಚ್ಚುಕಡಿಮೆಯಾದರೆ ಅವಳನ್ನು ಆ ಮೇಜಿನ ಮೇಲೆ ಮಲಗಿಸಿದ್ದು ನನ್ನ ನಾಲಗೆ. ಒಂದು ಶಬ್ದ ಮಾಡಿ ಇನ್ನೊಬ್ಬರ ಪ್ರಾಣವನ್ನು ಅದಕ್ಕೆ ಕಟ್ಟುವುದು ಎಷ್ಟು ಭಾರವೆಂದು ನನಗೆ ಎರಡು ದಿನದಿಂದ ಅನ್ನ ಸೇರದಾಗ ತಿಳಿಯಿತು. ಅಮ್ಮ ಮಾತಾಡದಿರುವುದಕ್ಕೆ ಇದೇ ಕಾರಣವಾಗಿದ್ದರೆ ಅವಳ ಮೇಲಿನ ಅರ್ಧ ದೂರನ್ನು ವಾಪಸು ಪಡೆಯುತ್ತೇನೆ. ತಮ್ಮ ಮೇಲಿನದು ಪೂರ್ತಿ ಹಾಗೇ ಇದೆ.

ಆದ್ದರಿಂದ ತಾವು ದಯಮಾಡಿ ಇನ್ನು ಮುಂದೆ ಪ್ರಾಣದ ವಿಚಾರಕ್ಕೆ ಒಂದು ಶಬ್ದವನ್ನೂ ಪಫ್ಸಿನ ವಿಚಾರಕ್ಕೆ ಬೇರೆ ಶಬ್ದವನ್ನೂ ಇಟ್ಟುಕೊಳ್ಳಬೇಕು. ಕಾಯಿಲೆಯವರು ಕೂತಿರುವಾಗ ಉಪವಾಸವಿರಬೇಕು. ಮೊನ್ನೆ ಆದ ಶಬ್ದ ತಮ್ಮದೇ ಎಂದು ನಾಳೆ ಬೆಳಿಗ್ಗೆ ಏಳು ಗಂಟೆಯೊಳಗೆ ಅಮ್ಮನ ಮುಂದೆ ಒಪ್ಪಿಕೊಂಡುಬಿಡಬೇಕು. ಇದು ಸುಳ್ಳೆಂದು ಅಮ್ಮನಿಗೆ ಗೊತ್ತಾಗುತ್ತದೆ, ಆದರೆ ಸುಮ್ಮನಿರುವುದು ಅವಳಿಗೆ ಅಭ್ಯಾಸವಿದೆ.

ತಮ್ಮ ಹುದ್ದೆಯನ್ನು ಅರ್ಧ ನಿಮಿಷದ ಮಟ್ಟಿಗೆ ವಹಿಸಿಕೊಂಡು ಬೆವೆತುಹೋದ, ತಮ್ಮ ವಿಶ್ವಾಸಿ,
ವೆಂಕಟಾಚಲಂ

ಮರೆತ ಮಾತು: ಸಹಿಯ ಬದಲು ಹೆಬ್ಬೆಟ್ಟು ಒತ್ತುತ್ತಿದ್ದಾಗ ಆಸ್ಪತ್ರೆಯಿಂದ ಪಂಕಜಂ ಫೋನ್ ಮಾಡಿದಳು. "ಏನುಂಗೊ, ಗೌಳಿ ಕೂಗಿದ ಮೇಲೆ ಕೆಮ್ಮುತ್ತಾ? ನಲವತ್ತು ವರ್ಷ ಪಕ್ಕದಲ್ಲಿ ಮಲಗಿ ಕೇಳಿದ ಕೆಮ್ಮು ನಂಗೆ ತೆರಿಯಲ್ವಾ?" ಎಂದಳು. ಗೊತ್ತಿದ್ದೂ ಯಾಕೆ ಎದ್ದು ಹೊರಟೆ ಎಂದು ಕೇಳಿದೆ. "ನೀವು ಒಂದು ವಾರ್ತೆ, ಒಂದೇ ಮಾತು, 'ಹೋಗೋಣ ಬಾ' ಅಂದಿದ್ರೆ ಮೊದಲ ವಾರಾನೇ ಬಂದಿರ್ತಿದ್ದೆ" ಎಂದಳು. ಆದಕಾರಣ, ಮಾನ್ಯರೇ, ನಾಲ್ಕು ವಾರದಿಂದ ಅವಳು ಕಿವಿಗೊಟ್ಟು ಕೂತಿದ್ದು ತಮಗಾಗಿ ಅಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ. ನಾನು ಆಸ್ಪತ್ರೆಗೆ ಹೊರಟೆ. ಹೇಳಬೇಕಾದ್ದನ್ನು ಈ ಸಲ ಮನುಷ್ಯರ ದನಿಯಲ್ಲೇ ಹೇಳುತ್ತೇನೆ.