ಬಚ್ಚಲ ಹಿಂದಿನ ಬಾಣಂತಿ

ನನಗೆ ಪಾಠ ಹೇಳುವ ಚಟವಿದೆ. ಮಿಡ್ಲ್ ಸ್ಕೂಲ್ ಮೇಷ್ಟರಿಗೆ ಅದು ಹೊಟ್ಟೆಪಾಡು ಎಂದು ನೀವು ಕ್ಷಮಿಸಬಹುದು. ಮನೆಗೆ ಬಂದ ಮೇಲೂ ಬಾಯಿ ಮುಚ್ಚದವನನ್ನು ಹೆಂಡತಿಯೂ ಕ್ಷಮಿಸಬೇಕೆಂದು ಮಹಾರಾಜರ ಸರ್ಕಾರ ಯಾವ ಕಾನೂನನ್ನೂ ಮಾಡಿಲ್ಲ. ಮಧುಗಿರಿಗೆ ವರ್ಗವಾಗಿ ಬಂದಾಗ ನಮಗೆ ಸಿಕ್ಕ ಬಾಡಿಗೆ ಮನೆಯ ಹಿತ್ತಲಲ್ಲಿ ಹುಳುಗಳಿಗೆ ಬರವಿರಲಿಲ್ಲ. ಗೊದ್ದ, ಚೊರಟೆ, ಸಗಣಿಯುಂಡೆ ಉರುಳಿಸುವ ಜೀರುಂಡೆ, ಎಲ್ಲವನ್ನೂ ಕುಕ್ಕರಗಾಲಿನಲ್ಲಿ ಕೂತು ನೋಡುವುದೇ ನನ್ನ ಭಾನುವಾರದ ಕೆಲಸ. ಸೌದೆ ಒಡೆಯುವ ಕೆಲಸವೂ ಭಾನುವಾರದ್ದೇ ಆಗಿತ್ತೆಂಬುದು ಬೇರೆ ಮಾತು.

ಹೀಗೇ ಒಂದು ದಿನ ಬಚ್ಚಲ ಹಿಂದಿನ ಒದ್ದೆ ಇಟ್ಟಿಗೆಯನ್ನು ಎತ್ತಿದೆ. ಬಾಲದ ತುದಿಗೆ ಇಕ್ಕಳ ಸಿಕ್ಕಿಸಿಕೊಂಡಂತಿದ್ದ ಕಂದು ಹುಳುವೊಂದು ಚಿಟಿಕೆ ಗಸಗಸೆಯಷ್ಟು ಮೊಟ್ಟೆಗಳನ್ನು ಕಾಯುತ್ತಿತ್ತು. ನನ್ನ ಹೆಂಡತಿ ಗಂಗಮ್ಮ ದೊಡ್ಡೇರಿ ಕಡೆಯವಳು. ಇಣುಕಿ ನೋಡಿ, "ಇದು ಕಿವಿಗೆ ಹೊಕ್ಕೊಳ್ಳೋ ಹುಳ ಕಣ್ರೀ. ಚೊಚ್ಚಲ ಬಸುರಿ ಮಗಳು ಮನೇಲವ್ಳೆ. ಸರೀರಿ, ಬಿಸಿನೀರು ಹುಯ್ದುಬುಡ್ತೀನಿ" ಎಂದು ಹಂಡೆಯಿಂದ ಚೊಂಬು ತುಂಬಿಕೊಂಡು ಬಂದಳು. ಅದಕ್ಕೆ ಯಾರ ಕಿವಿಯೂ ಬೇಡವೆಂದು ನಾನು ವಿಜ್ಞಾನದ ಪಾಠ ಶುರುಮಾಡಿದೆ. ಅವಳು ಚೊಂಬು ಬಗ್ಗಿಸಹೋದಳು. ಅಷ್ಟರಲ್ಲಿ ಆ ಹುಳು ಒಂದೊಂದೇ ಮೊಟ್ಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಮೂಲೆಗೆ ಸಾಗಿಸತೊಡಗಿತು. ಗಂಗಮ್ಮನ ಕೈ ನಿಂತಿತು.

"ಇದೂ ಬಾಣಂತೀನೇ. ಇರ್ಲಿ ಬುಡಿ."

ನನ್ನ ಪಾಠ ಗೆದ್ದಿತೆಂದು ಬೀಗಿದೆ. ಆ ಹೆಮ್ಮೆಯಲ್ಲೇ ಸ್ಕೂಲಿಗೆ ಹೊರಡುವ ಮುಂಚೆ ಒಮ್ಮೆ, ಬಂದಮೇಲೊಮ್ಮೆ, ಕಾಫಿಯಾದ ಮೇಲೊಮ್ಮೆ ಇಟ್ಟಿಗೆ ಎತ್ತಿ ನೋಡಿದೆ. ಮೂರನೆಯ ದಿನ ಮೊಟ್ಟೆಗಳು ಅರ್ಧಕ್ಕೆ ಇಳಿದಿದ್ದವು. ಹೀಗೆ ಕೆದಕಿದರೆ ತಾಯಿಯೇ ಹೆದರಿ ಮೊಟ್ಟೆ ತಿಂದುಬಿಡುತ್ತದೆಂದು ಆಮೇಲೆ ತಿಳಿಯಿತು. ಬಿಸಿನೀರಿಗಿಂತ ದೊಡ್ಡ ಗಂಡಾಂತರ ನಾನೇ ಆಗಿದ್ದೆ.

"ಬಾಣಂತಿ ಕೋಣೆಗೆ ಗಳಿಗೆಗೊಂದು ಸಲ ನುಗ್ತಾರಾ ಯಾರಾದ್ರೂವೆ? ಇನ್ನು ನೀವು ಇಟ್ಟಿಗೆ ಮುಟ್ಟಂಗಿಲ್ಲ" ಎಂದಳು ಗಂಗಮ್ಮ. ಮಗಳು ಬಾಗಿಲಿಗೆ ಒರಗಿ, "ಅಪ್ಪ, ನನ್ನ ಕೋಣೆಗೂ ಹಿಂಗೇ ಬಂದ್ಬುಟ್ಟೀರ ಮತ್ತೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆ ಅರ್ಧ ಮೊಟ್ಟೆಗಳ ಲೆಕ್ಕ ಮನಸ್ಸಿನಲ್ಲಿ ಚುಚ್ಚುತ್ತಿತ್ತು.

ಉಳಿದವು ಒಡೆದು ಮರಿಯಾದ ದಿನ ನಾನು ಸ್ಕೂಲಿನಲ್ಲಿದ್ದೆ. ನೋಡಿದವರು ಗಂಗಮ್ಮ ಮತ್ತು ಮಗಳು. "ನುಚ್ಚಕ್ಕಿ ಹಂಗೆ ಬೆಳ್ಳಗವೆ. ಅವ್ವನ ಹೊಟ್ಟೆ ಕೆಳಗೇ ಸೇರ್ಕೊತವೆ" ಎಂದು ಗಂಗಮ್ಮ ಊಟಕ್ಕೆ ಬಡಿಸುತ್ತಾ ವರ್ಣಿಸಿದಳು. ನಾನು ತುತ್ತು ಬಿಟ್ಟು ಎದ್ದರೆ, "ಕೂತ್ಕಳಿ" ಎಂದಳು. ಕೂತೆ.

ಮಾರನೆಯ ದಿನ ತರಗತಿಯಲ್ಲಿ ಆ ಮರಿಗಳ ಬಣ್ಣ, ಗಾತ್ರ, ತಾಯಿಯ ಕೆಳಗೆ ಅವು ನುಸುಳುವ ಚಂದ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಕೊನೆಗೆ ಗಂಟಲು ಸರಿಮಾಡಿಕೊಂಡು, "ಇದೆಲ್ಲ ನಾನು ಕಣ್ಣಾರೆ ಕಂಡದ್ದು" ಎಂದೆ.